ಹೊಸ್ತಿಲಿನ ಹಳದಿ ಬಣ್ಣಕ್ಕೆ ಬಜೆಟ್‌ನಲ್ಲಿ ಎಷ್ಟಿಟ್ಟಿದ್ದೀರಿ?

ಮನೆಗಳ ಹಳೆ ಬಣ್ಣದಲ್ಲಿ ಇರುವ, ಮಕ್ಕಳಿಗೆ ವಿಷವಾಗುವ ಸೀಸವನ್ನು (ಲೆಡ್) ಕಡಿಮೆ ಮಾಡುತ್ತೇವೆ ಎಂದು ದುಡ್ಡು ಕೇಳಲು ಹೊರಡುವ ಸಂಘಗಳ ಬಜೆಟ್‌ನಲ್ಲಿ ಹೆಚ್ಚಾಗಿ ಇರುವ ಬಾಬ್ತುಗಳು ಮೂರೇ: ಕರಪತ್ರ, ಶಿಬಿರ, ಮಕ್ಕಳ ರಕ್ತಪರೀಕ್ಷೆ. ಬಡಗಿಯ ಕೂಲಿ, ಬಣ್ಣದ ಡಬ್ಬಿ, ನೆಲ ಒರೆಸುವ ಖರ್ಚು ಎಲ್ಲೂ ಕಾಣುವುದಿಲ್ಲ. ಮಗುವಿನ ರಕ್ತದಲ್ಲಿ ಸೀಸ ಸಿಕ್ಕಿದೆ ಎಂದು ತಾಯಿಗೆ ಹೇಳಿ, ಮತ್ತೆ ಅದೇ ಕಿಟಕಿಯ ಕೆಳಗೆ ಮಗುವನ್ನು ಮಲಗಿಸಲು ಕಳಿಸುವುದು ಅನ್ಯಾಯ. ಬಂದ ದುಡ್ಡಿನಲ್ಲಿ ಅರ್ಧಕ್ಕಿಂತ ಹೆಚ್ಚು ಮನೆಯ ರಿಪೇರಿಗೇ ಹೋಗಬೇಕು. ಉಳಿದದ್ದೆಲ್ಲ ಆಮೇಲೆ.

ಮೊದಲು ಸೀಸ ಎಲ್ಲಿದೆ ಎಂದು ನೋಡಿ. ನಮ್ಮ ಕಡೆ ಹೊಸ್ತಿಲಿಗೆ ಅರಿಶಿನ ಹಚ್ಚುವ ಬದಲು ಹಳದಿ ಎನಾಮಲ್ ಬಳಿಯುವುದು ವಾಡಿಕೆಯಾಗಿದೆ. ಹಳೆಯ ಹಳದಿ, ಕಿತ್ತಳೆ, ಹಸಿರು ಎನಾಮಲ್‌ಗಳಿಗೆ ಆ ಹೊಳಪು ಬರುತ್ತಿದ್ದದ್ದು ಬಹುಮಟ್ಟಿಗೆ ಸೀಸದ ಕ್ರೋಮೇಟ್‌ನಿಂದ. ದಿನವಿಡೀ ಕಾಲು ತಾಗಿ ಅದು ಪುಡಿಯಾಗುತ್ತದೆ, ಅಂಬೆಗಾಲಿಡುವ ಮಗು ಅಲ್ಲೇ ಕೂತು ಕೈ ಬಾಯಿಗಿಡುತ್ತದೆ. ಕಿಟಕಿಯ ಚೌಕಟ್ಟು, ಉಜ್ಜಿಕೊಂಡು ಮುಚ್ಚುವ ಬಾಗಿಲಿನ ಅಂಚು, ಕಬ್ಬಿಣದ ಸರಳುಗಳದ್ದೂ ಇದೇ ಕಥೆ. ರೆಡ್ ಆಕ್ಸೈಡ್ ನೆಲ ಕಂಡರೆ ಹೆದರಬೇಡಿ, ಅದರ ಬಣ್ಣ ಕಬ್ಬಿಣದ ಆಕ್ಸೈಡ್‌ನದು. ಸರಳಿಗೆ ಹೊಡೆದ ಕಿತ್ತಳೆ ಬಣ್ಣದ ರೆಡ್ ಲೆಡ್ ಪ್ರೈಮರ್ ಬೇರೆ, ಅದು ಹೆಸರೇ ಹೇಳುವಂತೆ ಸೀಸ.

2017ರ ನವೆಂಬರ್ 1ರಿಂದ ಮನೆಗೆ ಬಳಸುವ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮೀರುವಂತಿಲ್ಲ, ಡಬ್ಬಿಯ ಮೇಲೂ ಹಾಗೆ ಬರೆದಿರಬೇಕು. ಆದರೆ ಕೈಗಾರಿಕೆಯ ಬಣ್ಣಗಳು ಆ ನಿಯಮದೊಳಗೆ ಬರುವುದಿಲ್ಲ. ಗ್ರಿಲ್ ಮಾಡುವವರು ಅವನ್ನೇ ಹೊಡೆದುಕೊಟ್ಟರೆ ಹೊಸ ಮನೆಯಲ್ಲೂ ಸೀಸ ಇರಬಹುದು.

ಪರೀಕ್ಷೆಗೆ ಎಕ್ಸ್‌ಆರ್‌ಎಫ್ ಯಂತ್ರ (ಎಕ್ಸ್-ಕಿರಣ ಹಾಯಿಸಿ ಬಣ್ಣದಲ್ಲಿನ ಸೀಸ ಅಳೆಯುವಂಥದ್ದು) ಕೊಳ್ಳುವ ಆಸೆ ಬೇಡ, ಅದಕ್ಕೆ ಲಕ್ಷಾಂತರ ರೂಪಾಯಿ. ದಿನದ ಬಾಡಿಗೆಗೆ ಸಿಕ್ಕರೆ ತನ್ನಿ. ಇಲ್ಲದಿದ್ದರೆ ಬಣ್ಣದ ಚಕ್ಕೆಯನ್ನು ಎಲ್ಲ ಪದರಗಳೂ ಬರುವಂತೆ, ಮರ ಸೇರದಂತೆ ಕೆತ್ತಿ ಎನ್‌ಎಬಿಎಲ್ (ಲ್ಯಾಬ್‌ಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆಯ ಲ್ಯಾಬ್‌ಗೆ ಕಳಿಸಿ. ಮರ ಸೇರಿದರೆ ಅಂಕಿ ಕಡಿಮೆ ಬರುತ್ತದೆ. ಬೆರಳ ತುದಿಯ ರಕ್ತ ನೋಡುವ ಲೆಡ್‌ಕೇರ್ ಯಂತ್ರ ಮೂರು ನಿಮಿಷದಲ್ಲಿ ಉತ್ತರ ಕೊಡುತ್ತದೆ, ಆದರೆ ಅದು ಕೆಲಸ ಮಾಡುವುದು 12ರಿಂದ 36 ಡಿಗ್ರಿ ಸೆಲ್ಸಿಯಸ್ ಒಳಗೆ. ರಾಯಚೂರಿನಲ್ಲಿ ಏಪ್ರಿಲ್ ತಿಂಗಳ ಶಿಬಿರಕ್ಕೆ ಎಸಿ ಕೋಣೆ ಇಲ್ಲದಿದ್ದರೆ ಆ ಖರ್ಚು ದಂಡ. ಚುಚ್ಚುವ ಮೊದಲು ಮಗುವಿನ ಕೈಯನ್ನು ಸೋಪು ಹಾಕಿ ತೊಳೆಯಲೇಬೇಕು, ಬೆರಳಲ್ಲಿ ಅಂಟಿದ ಧೂಳೇ ಸುಳ್ಳು ಅಂಕಿ ಕೊಡುತ್ತದೆ. ಹೆಚ್ಚು ಬಂದರೆ ರಕ್ತನಾಳದಿಂದ ತೆಗೆದ ರಕ್ತದಲ್ಲಿ ಮತ್ತೊಮ್ಮೆ ನೋಡಿಸುವ ಖರ್ಚನ್ನೂ ಸೇರಿಸಿ.

ಕೆಲಸ ಕೆಡುವುದು ಉಪ್ಪುಕಾಗದದಿಂದ. ಪೇಂಟರ್ ಬಂದು ಒಣ ಬಣ್ಣವನ್ನು ಉಜ್ಜಿದರೆ ಒಂದೇ ಮಧ್ಯಾಹ್ನದಲ್ಲಿ ಮನೆಯ ಮೂಲೆಮೂಲೆಗೂ ಸೀಸ ಹರಡುತ್ತದೆ. ಕೆಲಸಕ್ಕೆ ಮುಂಚೆ ಇದ್ದದ್ದಕ್ಕಿಂತ ಮನೆ ಹಾಳಾಗುತ್ತದೆ. ಬ್ಲೋಟಾರ್ಚ್ ಹಿಡಿದು ಸುಟ್ಟರೆ ಇನ್ನೂ ಕೆಟ್ಟದ್ದು, ಹೊಗೆಯೇ ವಿಷ. ಮಕ್ಕಳು, ಬಸುರಿಯರು ಆ ದಿನ ಮನೆಯಲ್ಲಿ ಇರಬಾರದು. ಸಾಮಾನು ಹೊರಗೆ ಹಾಕಿ, ಕೆಲಸದ ಜಾಗದಿಂದ ಆರು ಅಡಿಯವರೆಗೆ 150 ಮೈಕ್ರಾನ್ ಪ್ಲಾಸ್ಟಿಕ್ ಹಾಸಿ, ಅಂಚಿಗೆ ಟೇಪ್ ಹಚ್ಚಿ. ನೀರು ಸಿಂಪಡಿಸುತ್ತ ಒದ್ದೆಯಾಗಿಯೇ ಕೆರೆಯಿರಿ. ಕೆಲಸದವರಿಗೆ ಬಟ್ಟೆಯ ಮಾಸ್ಕ್ ಸಾಲದು, ನವಿರಾದ ಧೂಳನ್ನೂ ತಡೆಯುವ ಪಿ100 ಫಿಲ್ಟರ್ ಇರುವ ಮುಖಗವಸು ಬೇಕು. ಮುಗಿದ ಮೇಲೆ ಹೆಪಾ ವ್ಯಾಕ್ಯೂಮ್ (ನವಿರಾದ ಧೂಳನ್ನೂ ಒಳಗೇ ಹಿಡಿದಿಡುವ ಫಿಲ್ಟರ್ ಇರುವಂಥದ್ದು), ನಂತರ ಸೋಪುನೀರಿನ ಒರೆತ, ಮತ್ತೆ ಹೆಪಾ. ಮಾಮೂಲಿ ವ್ಯಾಕ್ಯೂಮ್ ಆದರೆ ಹಿಂದಿನಿಂದ ಧೂಳನ್ನು ಉಗುಳುತ್ತದೆ. ಒರೆಸಲು ಎರಡು ಬಕೆಟ್ ಇರಲಿ, ಒಂದು ಸೋಪಿಗೆ, ಇನ್ನೊಂದು ಜಾಲಿಸಲು. ಉಜ್ಜಿಕೊಳ್ಳುವ ಅಂಚಿನ ಮೇಲೆ ಹೊಸ ಬಣ್ಣ ಬಳಿದು ಮುಚ್ಚಿದರೆ ನಾಲ್ಕು ದಿನಕ್ಕೆ ಏಳುತ್ತದೆ. ಅಂಥ ಕಡೆ ಹಲಗೆಯನ್ನೇ ಬದಲಿಸಿ.

ಕಳಚಿದ ಹಳೆ ಚೌಕಟ್ಟು ಎಲ್ಲಿ ಹೋಗುತ್ತದೆ ಎಂದು ಕೇಳಿ ನೋಡಿ. ನಮ್ಮಲ್ಲಿ ಅದು ನೇರ ಬಚ್ಚಲೊಲೆಗೆ! ಬಣ್ಣದ ಮರ ಉರಿದರೆ ಸೀಸ ಹೊಗೆಗೂ ಬೂದಿಗೂ ಸೇರುತ್ತದೆ, ಆ ಬೂದಿ ಪಾತ್ರೆ ತಿಕ್ಕಲು, ಗಿಡಕ್ಕೆ ಹಾಕಲು ಹೋಗುತ್ತದೆ. ಹಾಗಾಗಿ ಮರ, ಚಕ್ಕೆ, ಪ್ಲಾಸ್ಟಿಕ್ ಎಲ್ಲವನ್ನೂ ಎರಡು ಪದರದ ಚೀಲದಲ್ಲಿ ಕಟ್ಟಿ ಸಾಗಿಸುವ ಖರ್ಚು, ಮನೆಯವರಿಗೆ ಬದಲಿ ಸೌದೆಯ ಖರ್ಚು, ಎರಡಕ್ಕೂ ಬಜೆಟ್‌ನಲ್ಲಿ ಜಾಗ ಇರಲಿ. ಸೌದೆಯ ಸಾಲು ನೋಡಿ ಲೆಕ್ಕಪರಿಶೋಧಕರು ಪ್ರಶ್ನೆ ಹಾಕಬಹುದು, ಕಾರಣ ಬರೆದಿಡಿ.

ಮನೆ ಒರೆಸಿ ಮುಗಿದ ಮೇಲೆ ಒಂದು ಗಂಟೆಯಾದರೂ ಬಿಟ್ಟು ಧೂಳಿನ ಮಾದರಿ ತೆಗೆಯಿರಿ. ಒಂದು ಚದರ ಅಡಿ ನೆಲವನ್ನು ಲ್ಯಾಬ್ ಹೇಳಿದ ವೈಪ್‌ನಿಂದ ಅಡ್ಡಕ್ಕೊಮ್ಮೆ, ಮಡಚಿ ಉದ್ದಕ್ಕೊಮ್ಮೆ ಒರೆಸಿ. ಬಳಸದ ಒಂದು ವೈಪನ್ನೂ ಜೊತೆಗೆ ಕಳಿಸಿ. ಹೋಲಿಕೆಗೆ ಅಮೆರಿಕದ ಪರಿಸರ ಸಂಸ್ಥೆ 2024ರಲ್ಲಿ ಗೊತ್ತುಮಾಡಿದ ಮಟ್ಟ ಇದೆ: ಚದರ ಅಡಿಗೆ ನೆಲದಲ್ಲಿ 5 ಮೈಕ್ರೊಗ್ರಾಂ, ಕಿಟಕಿ ಕಟ್ಟೆಯಲ್ಲಿ 40. ಸಗಣಿ ಸಾರಿಸಿದ ನೆಲಕ್ಕೆ ಈ ವಿಧಾನ ಒಗ್ಗುವುದಿಲ್ಲ, ನುಣುಪಾದ ನೆಲ ಬೇಕು.

ಹಿತ್ತಾಳೆ ಪಾತ್ರೆಗಳ ಒಳಗೆ ತವರ ಬಳಿಯುವ ಕಲಾಯಿಗೂ ಚೂರು ದುಡ್ಡಿಡಿ. ಶುದ್ಧ ತವರ ಕರಗುವುದು 232 ಡಿಗ್ರಿಗೆ, ಸೀಸ ಬೆರೆತದ್ದು ಅದಕ್ಕಿಂತ ಬೇಗ ಕರಗುತ್ತದೆ, ಅಗ್ಗವೂ ಹೌದು. ಹುಣಸೆಹುಳಿ ಹಾಕಿದ ಸಾರು ಅದರಿಂದ ಸೀಸವನ್ನು ಎಳೆದುಕೊಳ್ಳುತ್ತದೆ. ಸಂಘವೇ ತವರವನ್ನು ಒಟ್ಟಿಗೆ ಕೊಂಡು, ಲ್ಯಾಬ್‌ನಲ್ಲಿ ನೋಡಿಸಿ, ಕಲಾಯಿ ಮಾಡುವವರಿಗೆ ಕೊಟ್ಟರೆ ಒಂದು ಬೀದಿಯ ಅಡುಗೆಮನೆಗಳೆಲ್ಲ ಸರಿಹೋಗುತ್ತವೆ.

ಇನ್ನು ದುಡ್ಡು. ಸಿಎಸ್‌ಆರ್ (ಕಂಪನಿಗಳು ಸಮಾಜದ ಕೆಲಸಕ್ಕೆ ಕಾನೂನಿನಂತೆ ತೆಗೆದಿಡುವ ದುಡ್ಡು) ಕೇಳುವ ಸಂಸ್ಥೆಗೆ ಆದಾಯ ತೆರಿಗೆ ಇಲಾಖೆಯ 12ಎ, 80ಜಿ ನೋಂದಣಿ ಇರಬೇಕು, ಕಂಪನಿ ವ್ಯವಹಾರಗಳ ಸಚಿವಾಲಯದ ಸಿಎಸ್‌ಆರ್-1 ಅರ್ಜಿ ತುಂಬಿ ಸಂಖ್ಯೆ ಪಡೆದಿರಬೇಕು. ಕಂಪನಿ ಕಾಯ್ದೆಯ 7ನೇ ಷೆಡ್ಯೂಲಿನಲ್ಲಿ ರೋಗ ತಡೆಯುವ ಆರೋಗ್ಯ ಸೇವೆ ಇದೆ, ಅದರಡಿಯೇ ಬರೆಯಿರಿ. ಒಂದು ವರ್ಷದ ಯೋಜನೆ ಎಂದು ಬರೆದರೆ ಮಳೆಗಾಲದಲ್ಲಿ ಬಣ್ಣದ ಕೆಲಸ ನಿಂತು ಮಾರ್ಚ್‌ಗೆ ದುಡ್ಡು ಉಳಿಯುತ್ತದೆ, ಅದು ಸರ್ಕಾರದ ನಿಧಿಗೆ ಹೋಗುತ್ತದೆ. ಬಹುವರ್ಷದ ಯೋಜನೆ ಎಂದು ಮೊದಲೇ ಕಂಪನಿಯ ಮಂಡಳಿಯಿಂದ ಒಪ್ಪಿಗೆ ಪಡೆದರೆ ಬೇರೆ ಖಾತೆಯಲ್ಲಿಟ್ಟು ಮೂರು ವರ್ಷದೊಳಗೆ ಖರ್ಚು ಮಾಡಬಹುದು. ಸೀಸ ಬಳಸುವ ಬ್ಯಾಟರಿ ಕಾರ್ಖಾನೆಯವರ ಹತ್ತಿರ ಹೋದಾಗ ಒಂದು ಎಚ್ಚರಿಕೆ: ತಮ್ಮ ನೌಕರರ ಮನೆಗಳಿಗೆ ಮಾತ್ರ ಮಾಡಿಸಿದ ಕೆಲಸ ಸಿಎಸ್‌ಆರ್ ಲೆಕ್ಕಕ್ಕೆ ಬರುವುದಿಲ್ಲ. ಇಡೀ ಬೀದಿಯನ್ನು ಸೇರಿಸಿ.

ಬಾಡಿಗೆ ಮನೆಯಾದರೆ ಮಾಲೀಕರ ಸಹಿ ಇಲ್ಲದೆ ಮೊಳೆಯನ್ನೂ ಹೊಡೆಯಬೇಡಿ. ರಿಪೇರಿಯಾದ ಮನೆಯ ಬಾಡಿಗೆ ಏರಿ, ಆ ಮಗುವೇ ಬೀದಿಗೆ ಬರುವುದುಂಟು. ಅಮೆರಿಕದ ಸರ್ಕಾರಿ ಅನುದಾನದಲ್ಲಿ ರಿಪೇರಿಯಾದ ಬಾಡಿಗೆ ಮನೆಯನ್ನು ಕೊಡುವಾಗ ಮೂರು ವರ್ಷದ ತನಕ, ಆರು ವರ್ಷದೊಳಗಿನ ಮಕ್ಕಳಿರುವ ಕುಟುಂಬಕ್ಕೇ ಆದ್ಯತೆ ಕೊಡಬೇಕೆಂಬ ಷರತ್ತಿದೆ. ನೀವೂ ಮೂರು ವರ್ಷ ಬಾಡಿಗೆ ಏರಿಸುವುದಿಲ್ಲ, ಬಿಡಿಸುವುದಿಲ್ಲ ಎಂದು ಛಾಪಾ ಕಾಗದದಲ್ಲಿ ಬರೆಸಿಕೊಂಡೇ ಸರಕು ಇಳಿಸಿ.

ವರ್ಷದ ನಂತರ ಅದೇ ಮನೆಗಳಲ್ಲಿ ಮತ್ತೆ ಧೂಳು ನೋಡುವ ಖರ್ಚನ್ನು ಮೊದಲ ಅರ್ಜಿಯಲ್ಲೇ ಹಾಕಿ. ಕಂಪನಿಯವರು ಬಜೆಟ್ ಇಳಿಸಲು ಕೂತರೆ ಮೊದಲು ಹೊಡೆಯುವುದು ಆ ಸಾಲನ್ನೇ. ಬಿಡಲೇಬೇಕಾಗಿ ಬಂದರೆ ಬ್ಯಾನರ್‌ನ ದುಡ್ಡು, ಉದ್ಘಾಟನೆಯ ದುಡ್ಡು ಬಿಟ್ಟುಕೊಡಿ.