ಪಾಳಿಯ ಉದ್ದ ನೋಡಬೇಡಿ, ಸೀಟು ಎಣಿಸಿ

ಹುಬ್ಬಳ್ಳಿಯಿಂದ ಬೆಂಗಳೂರು ಹತ್ತಿರದ ಬಿಡದಿಯ ವಂಡರ್‌ಲಾ ಆಟದ ಪಾರ್ಕು ನಾನೂರು ಕಿಲೋಮೀಟರಿಗೂ ಹೆಚ್ಚು ದೂರ. ರಾತ್ರಿಯಿಡೀ ಬಸ್ಸಿನಲ್ಲಿ ನಿದ್ದೆಗೆಟ್ಟು, ಮನೆಮಂದಿಗೆಲ್ಲ ಸಾವಿರಗಟ್ಟಲೆ ದುಡ್ಡು ಕೊಟ್ಟು ಟಿಕೆಟ್ ತೆಗೆಸಿ ಹೋದವರು ಸಂಜೆ ಲೆಕ್ಕ ಹಾಕಿದರೆ ಆಡಿದ್ದು ಐದಾರು ಆಟ, ಉಳಿದದ್ದೆಲ್ಲ ಪಾಳಿ. ಧಾರವಾಡ, ಗದಗ, ಹಾವೇರಿ ಕಡೆಯಿಂದ ಹೋಗುವ ಎಷ್ಟೋ ಮನೆಗಳ ಪಾಡು ಇದೇ. ಮಕ್ಕಳು ವರ್ಷಗಟ್ಟಲೆ ಕಾದು ಹೋದ ಒಂದು ದಿನ ಹೀಗೆ ಕರಗಬಾರದು. ಯಾವ ದಿನ ಹೋಗಬೇಕು, ಒಳಗೆ ಹೊಕ್ಕ ಕೂಡಲೇ ಯಾವ ಕಡೆ ನಡೆಯಬೇಕು, ಯಾವ ಪಾಳಿ ಹಚ್ಚಬೇಕು, ಯಾವುದನ್ನು ಬಿಟ್ಟು ಮುಂದೆ ಸಾಗಬೇಕು ಎಂಬುದಕ್ಕೆ ನಾಲ್ಕನೇ ಇಯತ್ತೆಯ ಗಣಿತ ಸಾಕು.

ಆ ಗಣಿತವನ್ನೇ ಮೊದಲು ನೋಡೋಣ. ನಮ್ಮ ಮುಂದೆ ಎಷ್ಟು ಮಂದಿ ನಿಂತಿದ್ದಾರೆ ಎಂಬುದನ್ನಷ್ಟೇ ಎಲ್ಲರೂ ನೋಡುತ್ತಾರೆ. ಅದರಿಂದ ಏನೂ ತಿಳಿಯುವುದಿಲ್ಲ. ಒಂದು ಸಲಕ್ಕೆ ಎಷ್ಟು ಮಂದಿ ಹತ್ತುತ್ತಾರೆ, ಒಮ್ಮೆ ಹತ್ತಿಸಿದ ಮೇಲೆ ಮತ್ತೆ ಹತ್ತಿಸಲು ಎಷ್ಟು ನಿಮಿಷ ಬೇಕು, ಇವೆರಡನ್ನೂ ನೋಡಬೇಕು. ಅಲ್ಲಿನ ರಿಕಾಯಿಲ್ ಎಂಬ ರೋಲರ್ ಕೋಸ್ಟರಿನಂಥ ಆಟವನ್ನೇ ತೆಗೆದುಕೊಳ್ಳಿ. ಅಲ್ಲಿ ಇರುವುದು ಒಂದೇ ರೈಲು. ಮುಂದಕ್ಕೆ ಹೋದದ್ದು ಅದೇ ಹಳಿಯ ಮೇಲೆ ಹಿಮ್ಮುಖವಾಗಿ ತಿರುಗಿ ಬರಬೇಕು. ಅದು ಬಂದು ನಿಂತು, ಎಲ್ಲರೂ ಇಳಿದು, ಹೊಸಬರ ಭುಜದ ಮೇಲಿನ ಸರಳನ್ನು ಒಂದೊಂದಾಗಿ ಎಳೆದು ನೋಡುವತನಕ ಮುಂದಿನ ಸುತ್ತು ಇಲ್ಲ. ಇಂಥ ರೈಲಿನಲ್ಲಿ 28 ಸೀಟು. ಜೋಡಿ ತಪ್ಪಿದ್ದು, ಅಂಜಿ ಹಿಂದೆ ಸರಿದದ್ದು ಎಲ್ಲ ಕಳೆದು 25 ತುಂಬುತ್ತವೆ, ಒಂದು ಸುತ್ತಿಗೆ 5 ನಿಮಿಷ ಎಂದುಕೊಳ್ಳಿ. ಮುಂದೆ 150 ಮಂದಿ ಇದ್ದರೆ ಆರು ಸುತ್ತು, ಅಂದರೆ ಅರ್ಧ ತಾಸು.

ಈಗ ಒಬ್ಬೊಬ್ಬರೇ ಜಾರುವ ನೀರಿನ ಜಾರುಬಂಡೆಗೆ ಬನ್ನಿ. ಮೆಟ್ಟಿಲ ಮೇಲೆ 40 ಮಂದಿ ಮಾತ್ರ ಇದ್ದಾರೆ, ‘ಇಲ್ಲಿ ಗದ್ದಲ ಇಲ್ಲ’ ಎಂದು ಹತ್ತಿಬಿಡುತ್ತೀರಿ. ಮೇಲೆ ನಿಂತಾತ ಹಿಂದಿನವರು ಕೆಳಗಿನ ನೀರಿನಿಂದ ಎದ್ದು ಆಚೆ ಸರಿಯುವವರೆಗೆ ಇನ್ನೊಬ್ಬರನ್ನು ಬಿಡುವುದಿಲ್ಲ, ಬಿಡಲೂಬಾರದು. ತಲೆಗೆ 30 ಸೆಕೆಂಡಿನಂತೆ 40 ಮಂದಿಗೆ 20 ನಿಮಿಷ. ಪಕ್ಕದಲ್ಲೇ ಆರು ಮಂದಿ ಕೂಡುವ ದೊಡ್ಡ ರಬ್ಬರ್ ದೋಣಿಯ ಆಟಕ್ಕೆ 150 ಮಂದಿ ನಿಂತಿದ್ದಾರೆ, ನೋಡಿದರೇ ಎದೆ ಧಸಕ್ಕೆನ್ನುತ್ತದೆ. ಆದರೆ 45 ಸೆಕೆಂಡಿಗೊಂದು ದೋಣಿ ಬಿಟ್ಟರೆ 25 ದೋಣಿ, 19 ನಿಮಿಷದೊಳಗೆ ಮುಗಿಯಿತು. ಹೆಚ್ಚುಕಡಿಮೆ ನಾಲ್ಕು ಪಟ್ಟು ಉದ್ದದ ಪಾಳಿ ಒಂದು ನಿಮಿಷ ಮೊದಲೇ ಸರಿಯುತ್ತದೆ.

ಹಾಗಾಗಿ ಯಾವ ಪಾಳಿಗೂ ಕಾಲಿಡುವ ಮುನ್ನ ಪಕ್ಕದಲ್ಲಿ ನಿಂತು ಎರಡು ಸುತ್ತು ಮೊಬೈಲಿನ ಗಡಿಯಾರ ಹಿಡಿದು ನೋಡಿ. ಜಾರುಬಂಡೆಯಾದರೆ ತಲೆ ಎಣಿಸುವುದಕ್ಕಿಂತ ಮೆಟ್ಟಿಲು ಎಣಿಸುವುದು ಸುಲಭ. ಟ್ಯೂಬು ಹಿಡಿದು ನಿಂತವರು ಮೆಟ್ಟಿಲಿಗೆ ಒಬ್ಬರಂತೆ ಇರುತ್ತಾರೆ, ಟ್ಯೂಬಿಲ್ಲದ ಕಡೆ ಇಬ್ಬರು. ಇನ್ನೊಂದು ಮಾತು: ಟ್ಯೂಬಿನ ಆಟಗಳಲ್ಲಿ ಎಷ್ಟೋ ಸಲ ನಿಜವಾದ ಪಾಳಿ ಇರುವುದು ಮೇಲೆ ಅಲ್ಲ, ಕೆಳಗೆ, ಟ್ಯೂಬು ಸಿಗುವ ಜಾಗದಲ್ಲಿ. ಮೆಟ್ಟಿಲು ಖಾಲಿ ಕಂಡು ಬರಿಗೈಯಲ್ಲಿ ಮೇಲೆ ಹತ್ತಿದರೆ ಮತ್ತೆ ಕೆಳಗಿಳಿಸುತ್ತಾರೆ. ಬಿಸಿಲಿಗೆ ಕಾದ ಸಿಮೆಂಟಿನ ಮೆಟ್ಟಿಲ ಮೇಲೆ ಬರಿಗಾಲಲ್ಲಿ ಎರಡು ಸಲ ಹತ್ತಿ ಇಳಿಯುವುದು ಮಕ್ಕಳಿಗೆ ದೊಡ್ಡ ಶಿಕ್ಷೆ. ನೀರಿನಿಂದ ಎದ್ದು ಬರುವವರ ಕೈಯಿಂದಲೇ ಟ್ಯೂಬು ಇಸಿದುಕೊಂಡು ಹೊರಡಿ.

ಇಷ್ಟೆಲ್ಲ ಲೆಕ್ಕ ಕೆಲಸಕ್ಕೆ ಬರಬೇಕಾದರೆ ಮೊದಲು ದಿನ ಸರಿಯಾಗಿರಬೇಕು. ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗೆ ಬೇಸಿಗೆ ಸೂಟಿ, ಆಮೇಲೆ ದಸರಾ ಸೂಟಿ, ಡಿಸೆಂಬರ್-ಜನವರಿಯಲ್ಲಿ ಶಾಲಾ ಪ್ರವಾಸಗಳು: ಈ ಮೂರು ಕಾಲ ಬಿಡಿ. ಪ್ರವಾಸದ ಕಾಲ ಮೋಸ ಮಾಡುತ್ತದೆ, ಏಕೆಂದರೆ ವಾರದ ನಡುವಿನ ದಿನವೆಂದು ನಂಬಿ ಹೋದರೂ ಸಾಲು ಬಸ್ಸು ನಿಂತಿರುತ್ತವೆ. ಎರಡನೇ ಮತ್ತು ನಾಲ್ಕನೇ ಶನಿವಾರ ಸರ್ಕಾರಿ ನೌಕರರಿಗೂ ಬ್ಯಾಂಕಿನವರಿಗೂ ಸೂಟಿ, ಆ ದಿನ ಭಾನುವಾರದಷ್ಟೇ ಗದ್ದಲ. ಒಳ್ಳೆಯ ಕಾಲವೆಂದರೆ ಶಾಲೆ ಶುರುವಾದ ಮೇಲಿನ ಜೂನ್ ಉತ್ತರಾರ್ಧ, ಜುಲೈ, ಮತ್ತು ಪರೀಕ್ಷೆಯ ಬಿಸಿ ಏರಿದ ಫೆಬ್ರುವರಿ-ಮಾರ್ಚ್. ಮಂಗಳವಾರ, ಬುಧವಾರ, ಗುರುವಾರ ಉತ್ತಮ.

‘ಶಾಲೆ ಇದ್ದಾಗ ನಾವು ಹೋಗುವುದಾದರೂ ಹೇಗೆ’ ಎಂದು ಕೇಳುವವರಿಗೆ ನಮ್ಮ ಭಾಗದ ಪಂಚಾಂಗದಲ್ಲೇ ಉತ್ತರವಿದೆ. ನಾಗರ ಪಂಚಮಿ ನಮ್ಮ ಕಡೆ ದೊಡ್ಡ ಹಬ್ಬ, ಜೋಕಾಲಿ ಕಟ್ಟುತ್ತೇವೆ, ಉಂಡಿ ಕಟ್ಟುತ್ತೇವೆ, ಇಲ್ಲಿನ ಶಾಲೆಗಳು ಸೂಟಿ ಕೊಡುವುದುಂಟು. ಬೆಂಗಳೂರಿಗೆ ಅದು ಕೆಲಸದ ದಿನ. ಗಣಪತಿ ಇಟ್ಟ ಮೇಲಿನ ವಾರವೂ ಹಾಗೆಯೇ. ಹಬ್ಬ ಮುಗಿಸಿ ಮರುದಿನ ರಾತ್ರಿ ಹೊರಟರೆ ಊರಿನ ಸಂಭ್ರಮವೂ ತಪ್ಪುವುದಿಲ್ಲ, ಅಲ್ಲಿನ ಪಾಳಿಯೂ ಕಾಡುವುದಿಲ್ಲ. ನಮಗೆ ಸೂಟಿ, ಅವರಿಗೆ ಕೆಲಸ ಇರುವ ದಿನಗಳನ್ನು ಕ್ಯಾಲೆಂಡರಿನಲ್ಲಿ ಈಗಲೇ ಗುರುತು ಹಾಕಿಕೊಳ್ಳಿ.

ಪ್ರಯಾಣದ ವಿಷಯ. ಪಾರ್ಕು ಸಾಮಾನ್ಯವಾಗಿ 11ಕ್ಕೆ ತೆರೆಯುತ್ತದೆ, ರಾತ್ರಿ ಬಸ್ಸು-ರೈಲು ನಸುಕಿನಲ್ಲೇ ಮೆಜೆಸ್ಟಿಕ್ ಮುಟ್ಟಿಸುತ್ತವೆ. ನಡುವೆ ನಾಲ್ಕೈದು ತಾಸು ಇದೆ ಎಂದು ಊರಿನ ನೆಂಟರ ಮನೆಗೆ ಹೋದರೆ ಕೆಟ್ಟಿತು. ಅವರು ಇಡ್ಲಿ ತಿನ್ನಿಸದೆ ಬಿಡುವುದಿಲ್ಲ, ನೀವು ಗೇಟು ಮುಟ್ಟುವಾಗ ಹನ್ನೆರಡೂವರೆ. ನಿಲ್ದಾಣದ ಹತ್ತಿರವೇ ಮುಖ ತೊಳೆದು ಹೊಟ್ಟೆ ತುಂಬ ತಿಂದು, ನೇರಳೆ ಮಾರ್ಗದ ಮೆಟ್ರೊ ಹಿಡಿದು ಕೆಂಗೇರಿ ಅಥವಾ ಚಲ್ಲಘಟ್ಟಕ್ಕೆ ಬನ್ನಿ. ಅಲ್ಲಿಂದ ಮೈಸೂರು ರಸ್ತೆಯ ಬಸ್ಸು. ಕೈಲಾದವರು ಹಿಂದಿನ ದಿನ ಮಧ್ಯಾಹ್ನದ ವಂದೇ ಭಾರತ್‌ನಲ್ಲಿ ಹೊರಟು, ರಾತ್ರಿ ಕೆಂಗೇರಿ ಕಡೆ ಉಳಿದುಕೊಳ್ಳುವುದು ಮಕ್ಕಳಿರುವ ಮನೆಗೆ ಎಲ್ಲಕ್ಕಿಂತ ಮೇಲು. ನಿದ್ದೆಗೆಟ್ಟ ಮಗು ಮೂರು ಗಂಟೆಗೆ ಮಡಿಲಲ್ಲಿ ಮಲಗುತ್ತದೆ, ಪಾಳಿ ಕರಗುವುದು ಆಗಲೇ. ಹೇಗೆ ಹೋದರೂ ಗೇಟಿನ ಮುಂದೆ 10.30ಕ್ಕೆ ಇರಬೇಕು.

ಹೊರಡುವ ಮುನ್ನ ಮನೆಯಲ್ಲೇ ಮುಗಿಸಬೇಕಾದ ಮೂರು ಕೆಲಸಗಳಿವೆ. ಟಿಕೆಟ್ ಆನ್‌ಲೈನಿನಲ್ಲಿ ತೆಗೆದು, ಕ್ಯೂಆರ್ ಕೋಡಿನ ಸ್ಕ್ರೀನ್‌ಶಾಟನ್ನು ಇಬ್ಬರ ಮೊಬೈಲಿನಲ್ಲಿ ಇಟ್ಟುಕೊಳ್ಳಿ. ಗೇಟಿನಲ್ಲಿ ನೂರಾರು ಮಂದಿ ಒಟ್ಟಿಗೆ ಮೊಬೈಲು ತೆಗೆದಾಗ ನೆಟ್‌ವರ್ಕ್ ಕೈಕೊಡುತ್ತದೆ. ಎರಡನೆಯದು ಬಟ್ಟೆ. ಕಾಟನ್ ಬಟ್ಟೆಗೆ, ಸೀರೆಗೆ ನೀರಿನಲ್ಲಿ ಇಳಿಯಲು ಬಿಡುವುದಿಲ್ಲ. ಕಾಟನ್ ನೀರು ಕುಡಿದು ಭಾರವಾಗುತ್ತದೆ, ಅದರ ಎಳೆ ಫಿಲ್ಟರಿಗೆ ಸಿಕ್ಕಿಕೊಳ್ಳುತ್ತದೆ. ನೈಲಾನ್ ಅಥವಾ ಪಾಲಿಯೆಸ್ಟರ್ ಉಡುಪನ್ನು ಊರಲ್ಲೇ ಕೊಂಡು, ಬೆಳಿಗ್ಗೆ ಒಳಗೆ ಅದನ್ನೇ ತೊಟ್ಟು ಮೇಲೆ ಸಾದಾ ಬಟ್ಟೆ ಹಾಕಿಕೊಂಡರೆ ಅಂಗಡಿಯ ಪಾಳಿ, ಬಟ್ಟೆ ಬದಲಿಸುವ ಕೋಣೆಯ ಪಾಳಿ ಎರಡೂ ಉಳಿಯುತ್ತವೆ.

ಮೂರನೆಯದನ್ನು ಹೆಚ್ಚಿನವರು ಮರೆಯುತ್ತಾರೆ: ಮಕ್ಕಳ ಎತ್ತರ. ಚಪ್ಪಲಿ ತೆಗೆಸಿ, ಗೋಡೆಗೆ ಹಿಮ್ಮಡಿ ತಾಗಿಸಿ ನಿಲ್ಲಿಸಿ ಟೇಪು ಹಿಡಿಯಿರಿ. ಪ್ರತಿ ದೊಡ್ಡ ಆಟದ ಬಾಗಿಲಲ್ಲಿ ಎತ್ತರದ ಗೆರೆ ಇರುತ್ತದೆ, ಎರಡು ಸೆಂಟಿಮೀಟರ್ ಕಡಿಮೆಯಾದರೂ ಬಿಡುವುದಿಲ್ಲ. ಸರಳು ಭುಜಕ್ಕೆ ಸರಿಯಾಗಿ ಕೂಡಬೇಕು ಎಂಬ ಕಾರಣಕ್ಕೆ ಮಾಡಿದ ನಿಯಮ ಅದು, ಜಗಳವಾಡಿ ಉಪಯೋಗವಿಲ್ಲ. ಮುಕ್ಕಾಲು ತಾಸು ನಿಂತು ತುದಿ ಮುಟ್ಟಿದ ಮಗುವಿಗೆ ‘ನೀನು ಬೇಡ’ ಎಂದಾಗ ಅದರ ಮುಖ ನೋಡಲಾಗದು. ಪಾಳಿಯ ಆರಂಭದಲ್ಲೇ ಆ ಗೆರೆಗೆ ನಿಲ್ಲಿಸಿ ನೋಡಿ, ಆಮೇಲೆ ಒಳಗೆ ಹೋಗಿ.

ಒಳಗೆ ಹೊಕ್ಕ ಮೇಲೆ ಮೊದಲ ಒಂದೂವರೆ ತಾಸೇ ದಿನದ ಜೀವ. ಎಲ್ಲರೂ ಗೇಟಿನ ಹತ್ತಿರ ಕಂಡ ಮೊದಲ ಆಟಕ್ಕೆ ಮುಗಿಬೀಳುತ್ತಾರೆ, ಇಲ್ಲವೆ ಫೋಟೊಕ್ಕೆ ನಿಲ್ಲುತ್ತಾರೆ. ನೀವು ನಿಲ್ಲದೆ ದೂರದ ದೊಡ್ಡ ಆಟಕ್ಕೆ ನಡೆಯಿರಿ: ಹೆಸರು ದೊಡ್ಡದು, ಸೀಟು ಕಡಿಮೆ, ಅಂಥದ್ದು ಮೊದಲು. ಅಂಥ ಮೂರು ಆಟ ಮುಗಿಸಿದರೆ ಅರ್ಧ ದಿನ ಗೆದ್ದಂತೆ. ನೀರಿನ ಆಟಗಳು ಸ್ವಲ್ಪ ತಡವಾಗಿ ಶುರುವಾಗುತ್ತವೆ, ಶುರುವಾದ ಕೂಡಲೇ ಅರ್ಧ ಪಾರ್ಕು ಅತ್ತ ಓಡುತ್ತದೆ. ಆ ಓಟದಲ್ಲಿ ಸೇರಬೇಡಿ. ಆಗ ನೀರಿನ ಹೊರಗಿನ ಆಟಗಳ ಪಾಳಿ ಇಳಿಯುತ್ತದೆ, ಇನ್ನೆರಡು ಆಡಿ, ಒಂದು ಗಂಟೆ ಹೊಡೆಯುವ ಮೊದಲೇ ಊಟ ಮುಗಿಸಿ. ಹೊರಗಿನ ಬುತ್ತಿಗೆ ಬಿಡುವುದಿಲ್ಲವಾದ್ದರಿಂದ ಎಲ್ಲರೂ ಒಳಗೇ ಉಣ್ಣಬೇಕು, ಒಂದರಿಂದ ಎರಡರವರೆಗೆ ಕ್ಯಾಂಟೀನಿನ ಪಾಳಿ ಯಾವ ರೈಡಿಗೂ ಕಡಿಮೆ ಇಲ್ಲ. ಅವರು ತಟ್ಟೆ ಹಿಡಿದು ನಿಂತಾಗ ನೀವು ನೀರಿನಲ್ಲಿರಿ. ಉಂಡ ಕೂಡಲೇ ಜೋರಿನ ಆಟ ಮಾತ್ರ ಬೇಡ, ಮೊದಲ ಅರ್ಧ ತಾಸು ನಿಧಾನ ಹರಿಯುವ ನೀರಿನಲ್ಲಿ ತೇಲಿ.

ನೀರಿನ ಭಾಗದಲ್ಲಿ ಅಲೆಯ ಕೊಳದ ಕಡೆ ಕಿವಿ ಇರಲಿ. ಅಲೆ ದಿನವಿಡೀ ಇರುವುದಿಲ್ಲ, ಬಿಟ್ಟು ಬಿಟ್ಟು ಬರುತ್ತದೆ. ಅಲೆ ಎಬ್ಬಿಸುವ ಸೂಚನೆಯಾದಾಗ ಜಾರುಬಂಡೆಗಳ ಮೆಟ್ಟಿಲಿನಿಂದಲೂ ಮಂದಿ ಇಳಿದು ಓಡುತ್ತಾರೆ. ಆ ಹತ್ತು ಹದಿನೈದು ನಿಮಿಷ ಜಾರುಬಂಡೆ ನಿಮ್ಮದು.

3.30ಕ್ಕೆಲ್ಲ ನೀರಿನಿಂದ ಏಳಿ. ಐದು ಗಂಟೆಗೆ ಎಲ್ಲರೂ ಒಟ್ಟಿಗೆ ಎದ್ದರೆ ಸ್ನಾನದ ಕೋಣೆ, ಲಾಕರು ಎರಡರಲ್ಲೂ ಮುಕ್ಕಾಲು ತಾಸು ಹೋಗುತ್ತದೆ. ಒಣಗಿಸಿಕೊಂಡು ಬಂದವರಿಗೆ ಕೊನೆಯ ಒಂದೂವರೆ ತಾಸು ಹೊರಗಿನ ಆಟಗಳಲ್ಲಿ ಸಿಗುತ್ತದೆ. ಮಧ್ಯೆ ಮಳೆ ಬಂದರೆ ಮನೆ ಕಡೆ ಮುಖ ಮಾಡಬೇಡಿ. ಗುಡುಗು-ಮಿಂಚಿಗೆ ಆಟ ನಿಲ್ಲಿಸುತ್ತಾರೆ, ಮಳೆ ನಿಂತ ಮೇಲೆ ಸೀಟು ಒರೆಸಿ, ಖಾಲಿ ಗಾಡಿ ಒಂದೆರಡು ಸಲ ಓಡಿಸಿ ನೋಡಿ ಮತ್ತೆ ತೆರೆಯುತ್ತಾರೆ. ಅಷ್ಟರಲ್ಲಿ ಸಾಕಷ್ಟು ಮಂದಿ ಹೊರಟಿರುತ್ತಾರೆ.

ಹೆಚ್ಚು ದುಡ್ಡು ಕೊಟ್ಟು ಬೇರೆ ಚಿಕ್ಕ ಪಾಳಿಯಲ್ಲಿ ಹೋಗುವ ಫಾಸ್ಟ್‌ಟ್ರ್ಯಾಕ್ ಟಿಕೆಟ್ ಬೇಕೆ? ವಾರದ ನಡುವೆ, ಶಾಲೆ ನಡೆಯುವ ಕಾಲದಲ್ಲಿ ಖಂಡಿತ ಬೇಡ, ದುಡ್ಡು ದಂಡ. ಮೇ ತಿಂಗಳ ಭಾನುವಾರ ಬಿಟ್ಟರೆ ಬೇರೆ ದಿನವೇ ಸಿಗದವರಿಗೆ ಬೇಕು, ತೆಗೆದರೆ ಮನೆಮಂದಿಗೆಲ್ಲ ತೆಗೆಯಬೇಕು. ಅರ್ಧ ಮಂದಿಗೆ ತೆಗೆದರೆ ಒಳಗೆ ಹೋದವರು ಹೊರಗಿನವರನ್ನು ಕಾಯುವುದರಲ್ಲೇ ಉಳಿಸಿದ ಹೊತ್ತು ಹೋಗುತ್ತದೆ. ಊಟದ, ಸ್ನಾನದ ಪಾಳಿಗೆ ಅದು ನಡೆಯುವುದಿಲ್ಲ ಎಂಬುದು ನೆನಪಿರಲಿ.

ದುಡ್ಡಿಲ್ಲದ ಉಪಾಯವೂ ಉಂಟು. ಇಬ್ಬಿಬ್ಬರು ಕೂಡುವ ಗಾಡಿಯಲ್ಲಿ ಮೂವರು, ಐವರು ಬಂದ ಗುಂಪು ಒಂದು ಸೀಟು ಖಾಲಿ ಬಿಡುತ್ತದೆ. ತುದಿಯ ಹತ್ತಿರ ಬಂದಾಗ ಹತ್ತಿಸುವವರನ್ನು ‘ಅಣ್ಣಾರ, ಒಂದ ಸೀಟು ಖಾಲಿ ಐತೇನ್ರಿ? ನಾ ಒಬ್ಬನ ಅದೀನಿ’ ಎಂದು ಕೇಳಿ. ಅವರಿಗೂ ಸೀಟು ತುಂಬಿದರೆ ಸಮಾಧಾನ, ಕೂಡಿಸುತ್ತಾರೆ. ಒಬ್ಬರನ್ನು ಪಾಳಿಯಲ್ಲಿ ನಿಲ್ಲಿಸಿ ಆಮೇಲೆ ಹತ್ತು ಮಂದಿ ಬಂದು ಕೂಡಿಕೊಳ್ಳುವುದು ಮಾತ್ರ ಬೇಡ. ಹಿಂದೆ ನಿಂತವರ ಮಕ್ಕಳಿಗೂ ಕಾಲು ನೋಯುತ್ತದೆ.

ನಮ್ಮಲ್ಲೇ ಇರುವ ಜಾಗಗಳಿಗೂ ಇದೇ ತಿಳಿವಳಿಕೆ ನಡೆಯುತ್ತದೆ. ಶಿಗ್ಗಾವಿ ತಾಲೂಕಿನ ಗೊಟಗೋಡಿಯಲ್ಲಿ ಕಲಾವಿದ ಟಿ.ಬಿ. ಸೊಲಬಕ್ಕನವರ ಕಟ್ಟಿದ, ಹಳ್ಳಿ ಬದುಕಿನ ಶಿಲ್ಪಗಳ ತೋಟವಾದ ಉತ್ಸವ ರಾಕ್ ಗಾರ್ಡನ್ನಿನಲ್ಲಿ ರೈಡಿನ ಪಾಳಿಯಿಲ್ಲ, ಕಾಡುವುದು ಗುಂಪು. ಪ್ರವಾಸದ ಬಸ್ಸಿನ ಮಕ್ಕಳು ಮುಂದೆ ಹೊಕ್ಕಿದ್ದರೆ ಹದಿನೈದು ನಿಮಿಷ ಹೊರಗೇ ಚಹಾ ಕುಡಿದು ಹಿಂದೆ ಹೋಗಿ. ಇಲ್ಲದಿದ್ದರೆ ಹಳ್ಳಿಮನೆಯ ಒಂದೊಂದು ಶಿಲ್ಪದ ಮುಂದೆಯೂ ಅವರ ಬೆನ್ನೇ ಕಾಣುತ್ತದೆ.

ಇನ್ನು ಹುಬ್ಬಳ್ಳಿಯ ಸಿದ್ಧಾರೂಢರ ಜಾತ್ರೆಯಂಥ ಕಡೆ ಬರುವ ದೊಡ್ಡ ತೊಟ್ಟಿಲು, ಅಂದರೆ ಜಾಯಿಂಟ್ ವೀಲ್. ನಾಲ್ವರು ಕೂಡುವ 20 ತೊಟ್ಟಿಲು ಇದ್ದರೆ, ಒಂದೊಂದನ್ನೂ ಕೆಳಗೆ ತಂದು ನಿಲ್ಲಿಸಿ ಹತ್ತಿಸಲು ಅರ್ಧ ನಿಮಿಷದಂತೆ ಹತ್ತು ನಿಮಿಷ ಹತ್ತಿಸುವುದಕ್ಕೇ ಹೋಗುತ್ತದೆ, ತಿರುಗುವುದು ನಾಲ್ಕೇ ನಿಮಿಷ. ತೂಕ ಒಂದೇ ಕಡೆ ಬೀಳಬಾರದೆಂದು ಎದುರುಬದುರು ತುಂಬಿಸುತ್ತ ಬರುತ್ತಾರೆ. ಅದಕ್ಕೇ ಸರಿಯಾಗಿ ನಾಲ್ವರಾಗಿ ನಿಂತವರನ್ನು ಮೊದಲು ಕರೆಯುತ್ತಾರೆ, ಇಬ್ಬರು ಮೂವರು ಇದ್ದವರು ಜೊತೆಗಾರರು ಸಿಗುವತನಕ ಕಾಯುತ್ತಾರೆ. ತೇರಿನ ದಿನ ಬಿಟ್ಟು ಬೇರೆ ದಿನ ಸಂಜೆ ಐದಕ್ಕೆ, ದೀಪ ಹೊತ್ತುವ ಮೊದಲು ಹೋಗಿ. ನೀವು ಇಬ್ಬರೇ ಇದ್ದರೆ ಟಿಕೆಟ್ ಕೊಳ್ಳುವಾಗಲೇ ಪಕ್ಕದಲ್ಲಿ ನಿಂತ ಇನ್ನಿಬ್ಬರನ್ನು ಮಾತಾಡಿಸಿ ಜೊತೆ ಮಾಡಿಕೊಳ್ಳಿ.