ಹೊಲಿಗೆ ಕೋಣೆಗೆ ಯಾವ ನೆಲ ಒಳ್ಳೇದು? ಮಿಷನ್ ರಿಪೇರಿ ಮಾಡುವವನ ಅನುಭವ

ಬಳ್ಳಾರಿಯಲ್ಲಿ ಹೊಲಿಗೆ ಮಿಷನ್ ರಿಪೇರಿ ನನ್ನ ಕೆಲಸ. ಇಲ್ಲಿ ಮನೆಯಲ್ಲೇ ಜೀನ್ಸ್ ಹೊಲಿಯುವವರು ಜಾಸ್ತಿ. ಕಟಿಂಗ್ ಆದ ಬಟ್ಟೆ ಗಂಟುಗಟ್ಟಲೆ ಮನೆಗೆ ಬರುತ್ತೆ, ಹೊಲಿದ ಮೇಲೆ ವಾಪಸ್ ಹೋಗುತ್ತೆ. ಅಂಥ ಮನೆಗೆ ಹೋದರೆ ಮೊದಲು ಮಿಷನ್ ಕೆಳಗಿನ ನೆಲ ನೋಡುತ್ತೇನೆ.

“ಅಣ್ಣಾ, ಮಿಷನ್ ಹೊಸದೈತೆ, ಆದ್ರೂ ಗಡಗಡ ಅಂತೈತೆ” ಅಂತ ಅಕ್ಕಂದಿರು ಕರೆಯುತ್ತಾರೆ. ಹೋಗಿ ನೋಡಿದರೆ ಟೇಬಲ್‌ನ ಒಂದು ಕಾಲು ನೆಲ ಮುಟ್ಟಿರುವುದಿಲ್ಲ. ಅದರಡಿ ರಟ್ಟು ಮಡಚಿ ಇಟ್ಟಿರುತ್ತಾರೆ. ಮೋಟರ್‌ನಿಂದ ಓಡುವ ಪವರ್ ಮಿಷನ್ ನಿಮಿಷಕ್ಕೆ 4,000 ಹೊಲಿಗೆ ಹಾಕಬಲ್ಲದು. ಆ ಅದುರಿಗೆ ರಟ್ಟು ಎಷ್ಟು ಹೊತ್ತು ನಿಂತೀತು? ಬೋಲ್ಟು ಸಡಿಲವಾಗುತ್ತೆ, ಸದ್ದು ಹೆಚ್ಚುತ್ತೆ, ಬೈಗುಳ ಮಾತ್ರ ಮಿಷನ್‌ಗೆ.

ಹಳೆ ಮನೆಗಳಲ್ಲಿ ಶಹಾಬಾದ್ ಪರಸಿ, ಅಂದರೆ ಚಪ್ಪಡಿ ಕಲ್ಲಿನ ನೆಲ ಇರುತ್ತೆ. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುವ ನಮ್ಮೂರಿಗೆ ಅದು ತಂಪಾದ ನೆಲ, ನನಗೂ ಇಷ್ಟ. ಆದರೆ ಅದು ಸುಣ್ಣದ ಕಲ್ಲು. ಮಿಷನ್ ಎಣ್ಣೆ ಬಿದ್ದರೆ ಕುಡಿದುಬಿಡುತ್ತೆ, ಕಲೆ ಹೋಗುವುದಿಲ್ಲ. ಕಲೆ ತೆಗೆಯೋಣ ಅಂತ ಆ್ಯಸಿಡ್ ಹಾಕಿದರೆ ಕಲ್ಲೇ ತಿಂದುಹೋಗುತ್ತೆ. ಇನ್ನೊಂದು ಕಷ್ಟ ಅದರ ಬೂದು ಬಣ್ಣ. ಮುರಿದ ಸೂಜಿಯ ತುದಿ ಬಿದ್ದರೆ ಹುಡುಕಿ ನೋಡೋಣ! ಜೀನ್ಸ್‌ಗೆ 16, 18ನೇ ನಂಬರಿನ ದಪ್ಪ ಸೂಜಿ ಹಾಕಿದರೂ ದಪ್ಪ ಮಡಿಕೆಯಲ್ಲಿ ಮುರಿಯುತ್ತೆ. ಮನೆಯೊಳಗೆ ಎಲ್ಲರದೂ ಬರಿಗಾಲು, ಮಕ್ಕಳು ನೆಲದ ಮೇಲೇ ಆಡುತ್ತಿರುತ್ತಾರೆ. ಚುಕ್ಕಿ ಚುಕ್ಕಿ ಗ್ರಾನೈಟ್‌ನದೂ ಇದೇ ಕಥೆ.

ಅದಕ್ಕೇ ಹೊಸದಾಗಿ ನೆಲ ಹಾಕಿಸುವವರಿಗೆ ನಾನು ಹೇಳುವುದು ಮ್ಯಾಟ್ ಫಿನಿಶ್‌ನ ವಿಟ್ರಿಫೈಡ್ ಟೈಲ್ಸ್, ಡಿಸೈನ್ ಇಲ್ಲದ್ದು, ಕೆನೆ ಬಣ್ಣದ್ದು. ಇದು ನೀರು ಹೀರುವುದು ತನ್ನ ತೂಕದ ಶೇ. 0.5ರ ಒಳಗೆ ಮಾತ್ರ. ಹಾಗಾಗಿ ಎಣ್ಣೆ ಮೇಲೇ ನಿಲ್ಲುತ್ತೆ, ಬೇಗ ಒರೆಸಿದರೆ ಹೋಗುತ್ತೆ. ಹೊಳೆಯುವ ಟೈಲ್ಸ್ ಬೇಡ. ಟ್ಯೂಬ್‌ಲೈಟ್ ಬೆಳಕು ಅದರಲ್ಲಿ ಮಿನುಗಿ ಪಿನ್ ಕಾಣುವುದಿಲ್ಲ, ಕಾಲಿನ ಪೆಡಲ್ಲೂ ಜಾರುತ್ತೆ. ಅಚ್ಚ ಬಿಳಿ ಹಾಕಿಸಿದರೆ ನಮ್ಮೂರ ಕೆಂಧೂಳು, ಜೀನ್ಸ್‌ನ ನೀಲಿ ನೂಲು ಒರೆಸಿ ಒರೆಸಿ ಸಾಕಾಗುತ್ತೆ. ಟೈಲ್ಸ್ ನಡುವಿನ ಸಂದು ಸಣ್ಣದಿರಲಿ, ಅದನ್ನು ಮುಚ್ಚುವ ಗ್ರೌಟ್ ಪೂರ್ತಿ ತುಂಬಿರಲಿ.

ವಿನೈಲ್ ಶೀಟ್ ಅಗ್ಗ, ಕಾಲಿಗೂ ಮೆತ್ತಗೆ. ಆದರೆ ಇಸ್ತ್ರಿ ಪೆಟ್ಟಿಗೆ ಬಿದ್ದರೆ ಸುಟ್ಟುಹೋಗುತ್ತೆ, ಭಾರದ ಸ್ಟ್ಯಾಂಡ್ ಕಾಲು ಕುಳಿ ಬೀಳಿಸುತ್ತೆ. ಕಾರ್ಪೆಟ್ ಅಂತೂ ಬೇಡವೇ ಬೇಡ, ಸೂಜಿ ಅಡಗಲು ಅದಕ್ಕಿಂತ ಒಳ್ಳೆ ಜಾಗ ಇಲ್ಲ.

ಟೈಲ್ಸ್ ಎಷ್ಟೇ ಒಳ್ಳೇದಿದ್ದರೂ ಹಾಕುವ ಗೌಂಡಿಗೆ ಒಂದು ಮಾತು ಹೇಳಲೇಬೇಕು. ನೀರು ಹಾಕಿ ತೊಳೆಯುವ ಮನೆ ಅಂತ ನಮ್ಮ ಕಡೆ ಬಾಗಿಲ ಕಡೆಗೆ ಇಳಿಜಾರು ಕೊಡುತ್ತಾರೆ. ಹೊಲಿಗೆ ಕೋಣೆಗೆ ಅದು ಬೇಡ. ಟೇಬಲ್ ವಾಲಿದರೆ ಮಿಷನ್ ಕೆಳಗಿನ ಎಣ್ಣೆ ತಟ್ಟೆಯಲ್ಲಿ ಎಣ್ಣೆ ಒಂದೇ ಕಡೆ ನಿಲ್ಲುತ್ತೆ. ಕತ್ತರಿ, ಬಾಬಿನ್ ಉರುಳಿ ಬೀಳುತ್ತವೆ. ಇಡೀ ದಿನ ಕೂತು ಹೊಲಿಯುವ ಅಕ್ಕನ ಸೊಂಟಕ್ಕೂ ಒಳ್ಳೇದಲ್ಲ. ಮಿಷನ್ ಇಡುವ ಜಾಗಕ್ಕೆ ನೀವೇ ಎದುರು ನಿಂತು ಉದ್ದಕ್ಕೂ ಅಡ್ಡಕ್ಕೂ ರಸಮಟ್ಟ ಇಡಿಸಿ ನೋಡಿ. ಗೌಂಡಿ ಬೇಜಾರು ಮಾಡಿಕೊಂಡರೂ ಪರವಾಗಿಲ್ಲ.

ಬಾಡಿಗೆ ಮನೆಯವರು ನೆಲ ಕೀಳಿಸೋಕೆ ಆಗಲ್ಲ, ಅಲ್ವಾ? ಅವರು ಟೇಬಲ್‌ನ ನಾಲ್ಕೂ ಕಾಲಿಗೆ ಎತ್ತರ ಹೊಂದಿಸುವ ಬೋಲ್ಟು, ಅದರಡಿ ದಪ್ಪ ರಬ್ಬರ್ ಪ್ಯಾಡ್ ಹಾಕಿಸಲಿ. ಮೇಲಿನ ಮಹಡಿಯಾದರೆ ಕೆಳಗಿನವರಿಗೂ ಸದ್ದು ಕಡಿಮೆಯಾಗುತ್ತೆ. ನಿಂತು ಕಟಿಂಗ್ ಮಾಡುವ ಕಡೆ ಒಂದು ರಬ್ಬರ್ ಮ್ಯಾಟ್ ಇರಲಿ. ಸಂಜೆ ಕಸ ಗುಡಿಸುವ ಮುಂಚೆ ಒಂದು ಅಯಸ್ಕಾಂತ ಆಡಿಸಿದರೆ ಮುರಿದ ಸೂಜಿಗಳು ಅದಕ್ಕೇ ಅಂಟಿಕೊಂಡು ಬರುತ್ತವೆ.