ಲಿಮಾಸೋಲ್‌ನಿಂದ ಮರ್ಸಿನ್‌ಗೆ ನೇರ ದಾರಿ ಇಲ್ಲ

ದುಬೈನಲ್ಲಿ ಒಂದು ಹಡಗು ಕಂಪನಿಯ ಆಪರೇಷನ್ಸ್ ಡೆಸ್ಕ್‌ನಲ್ಲಿ ನನ್ನ ಕೆಲಸ. ಊರು ಕುಂದಾಪುರದ ಕಡೆ. ನಾನು ಹಡಗು ಹತ್ತಿದವನಲ್ಲ, ಹಡಗಿನಲ್ಲಿರುವವರಿಗೆ ಮೇಲ್ ಕಳಿಸುವವನು. ಎಷ್ಟು ಸಲ ಹೇಳಿದರೂ ಊರಲ್ಲಿ "ಅವ ಶಿಪ್ಪಲ್ಲಿದ್ದಾನೆ" ಅಂತಲೇ ಹೇಳುತ್ತಾರೆ. ಇರಲಿ.

ಸೈಪ್ರಸ್ ದ್ವೀಪದಲ್ಲಿ ಗ್ರೀಕರಿಗೂ ಟರ್ಕರಿಗೂ ಇರುವ ಜಗಳ ಹಳೇ ಕಾಲದ್ದು, ಈಗ ಅಲ್ಲಿ ಬರೀ ಬೀಚು ಮತ್ತು ಟೂರಿಸ್ಟರು ಅಂತ ಯಾರಾದರೂ ಅಂದರೆ ನನಗೆ ಈ ವಾಯೇಜ್ ನೆನಪಾಗಿ ಮೈಯೆಲ್ಲ ಉರಿಯುತ್ತದೆ.

ಹಡಗು ಒಂದು ಸಣ್ಣ ಬಲ್ಕರ್, ಅಂದರೆ ಬಿಡಿ ಸರಕು ಸಾಗಿಸುವಂಥದ್ದು. ಲಿಮಾಸೋಲ್‌ನಲ್ಲಿ ಮೆಕ್ಕೆಜೋಳ ಇಳಿಸಬೇಕಿತ್ತು. ಮುಂದಿನ ಫಿಕ್ಸ್ಚರ್ (ಬಾಡಿಗೆ ಒಪ್ಪಂದ) ಟರ್ಕಿಯ ಮರ್ಸಿನ್‌ನಿಂದ ಸಿಮೆಂಟ್. ನಕಾಶೆ ನೋಡಿದರೆ ಇದಕ್ಕಿಂತ ಚೆಂದದ ಜೋಡಿ ಸಿಗುವುದಿಲ್ಲ. ದಕ್ಷಿಣ ತೀರದ ಲಿಮಾಸೋಲ್ ಬಿಟ್ಟು, ದ್ವೀಪದ ಪೂರ್ವದ ಚೂಪು ತುದಿ ಸುತ್ತಿ ಉತ್ತರಕ್ಕೆ ತಿರುಗಿದರೆ ಮರ್ಸಿನ್. ಒಂದು ದಿನದ ದಾರಿಯೂ ಅಲ್ಲ. ಬ್ಯಾಲಸ್ಟ್ ಲೆಗ್ (ಸರಕಿಲ್ಲದ ಖಾಲಿ ಓಟ) ಇಷ್ಟು ಗಿಡ್ಡ ಇದ್ದರೆ ಟಿಸಿಇ, ಅಂದರೆ ಹಡಗಿನ ದಿನದ ಗಳಿಕೆ, ಎಲ್ಲಿಗೆ ಏರುತ್ತದೆ ಅಂತ ಲೆಕ್ಕ ಹಾಕಿ ಚಾರ್ಟರಿಂಗ್‌ನವರಿಗೆ ಕೊಟ್ಟವನು ನಾನೇ. ಬಾಸ್‌ನಿಂದ "ಸೂಪರ್" ಅಂತ ಒಂದೇ ಪದದ ರಿಪ್ಲೈ ಬಂದಿತ್ತು. ನಮ್ಮ ಬಾಸ್ ಮಟ್ಟಿಗೆ ಅದು ದೊಡ್ಡ ಭಾಷಣ.

ಡಿಸ್ಚಾರ್ಜ್ ಮುಗಿಯಿತು. ಹಡಗು ಪೈಲಟ್ ಇಳಿಸಿ ಹೊರಟಿತು. ರಾತ್ರಿ ಊಟಕ್ಕೆ ಕೂತಿದ್ದಾಗ ಮರ್ಸಿನ್ ಏಜೆಂಟರ ಫೋನ್.

"ಲಾಸ್ಟ್ ಪೋರ್ಟ್ ಲಿಮಾಸೋಲ್ ಅಂತಿದೆ. ಹೌದಾ?"

"ಹೌದು."

"ಹಾಗಾದರೆ ಬರಬೇಡಿ."

ತಮಾಷೆ ಅಂದುಕೊಂಡೆ. ಆಮೇಲೆ ವಾದಕ್ಕೆ ಇಳಿದೆ. ಫ್ಲ್ಯಾಗ್ ಮಾರ್ಷಲ್ ಐಲ್ಯಾಂಡ್ಸ್, ಮ್ಯಾನೇಜರ್ ಮುಂಬೈ, ಓನರ್‌ಗೂ ಸೈಪ್ರಸ್‌ಗೂ ಸಂಬಂಧವೇ ಇಲ್ಲ ಅಂದೆ. ಆತ ಪೂರ್ತಿ ಕೇಳಿಸಿಕೊಂಡು, "ನೀವು ನಮ್ಮ ಬಂದರು ನಿರ್ಬಂಧದ ಸರ್ಕ್ಯುಲರ್‌ನ ಮೊದಲ ಸಾಲು ಮಾತ್ರ ಓದಿದ್ದೀರಿ" ಅಂದ.

ನಿಜವೇ. 1987ರಲ್ಲಿ ಟರ್ಕಿ ಸೈಪ್ರಸ್ ಬಾವುಟದ ಹಡಗುಗಳಿಗೆ ತನ್ನ ಬಂದರು ಮುಚ್ಚಿತು. 1997ರಲ್ಲಿ ಅದನ್ನು ಇನ್ನೂ ಹಿಗ್ಗಿಸಿತು. ಓನರ್‌ಶಿಪ್ ಅಥವಾ ಮ್ಯಾನೇಜ್‌ಮೆಂಟ್ ಸೈಪ್ರಸ್‌ನದ್ದಾದರೂ ಬರುವಂತಿಲ್ಲ. ಯಾವ ದೇಶದ ಬಾವುಟವೇ ಇರಲಿ, ಸೈಪ್ರಸ್ ಸರ್ಕಾರದ ಹಿಡಿತದಲ್ಲಿರುವ ಬಂದರಿನಿಂದ ನೇರ ಬಂದರೂ ಇಲ್ಲ. ನಾನು ಬಾವುಟ ನೋಡಿ ನಿಶ್ಚಿಂತೆಯಿಂದ ಫೈಲ್ ಮುಚ್ಚಿದ್ದೆ. 2005ರಲ್ಲಿ ಟರ್ಕಿ ಯುರೋಪಿಯನ್ ಒಕ್ಕೂಟದ ಹೊಸ ಸದಸ್ಯ ದೇಶಗಳಿಗೆ (ಸೈಪ್ರಸ್ ಕೂಡ ಅದರಲ್ಲಿತ್ತು) ಕಸ್ಟಮ್ಸ್ ಒಪ್ಪಂದ ವಿಸ್ತರಿಸುವುದಾಗಿ ಸಹಿ ಹಾಕಿತ್ತು, ಸೈಪ್ರಸ್ ಹಡಗುಗಳಿಗೆ ಬಂದರು ಮಾತ್ರ ತೆರೆಯಲಿಲ್ಲ. ಅದಕ್ಕೇ 2006ರ ಡಿಸೆಂಬರ್‌ನಲ್ಲಿ ಯುರೋಪಿನವರು ಟರ್ಕಿಯ ಸದಸ್ಯತ್ವದ ಮಾತುಕತೆಯಲ್ಲಿ 8 ಅಧ್ಯಾಯಗಳನ್ನು ತಡೆದಿಟ್ಟರು. ಅಷ್ಟು ದೊಡ್ಡವರು ಬಿಡಿಸಲಾಗದ ಗಂಟಿನೊಳಗೆ ನಾನು ಎಕ್ಸೆಲ್ ಶೀಟ್ ಹಿಡಿದು ನುಗ್ಗಿದ್ದೆ.

ಹಡಗು ಓಡುತ್ತಲೇ ಇತ್ತು. ಲೇಕ್ಯಾನ್, ಅಂದರೆ ಲೋಡಿಂಗ್‌ಗೆ ಹಡಗು ಹಾಜರಾಗಬೇಕಾದ ದಿನಗಳು, ಹತ್ತಿರ ಬರುತ್ತಿತ್ತು. ಅದರ ಕೊನೇ ದಿನ, ಕ್ಯಾನ್ಸೆಲಿಂಗ್, ದಾಟಿದರೆ ಹಡಗು ಬಾಡಿಗೆಗೆ ಹಿಡಿದ ಚಾರ್ಟರರ್ ಕೈ ತೊಳೆದುಕೊಳ್ಳುತ್ತಾನೆ. ಕ್ಯಾಪ್ಟನ್‌ಗೆ "ಸ್ಲೋ ಡೌನ್, ಮುಂದಿನ ಸೂಚನೆಗೆ ಕಾಯಿರಿ" ಅಂತ ಮೇಲ್ ಹಾಕಿದೆ. ಯಾಕೆ ಅಂತ ಬರೆಯುವ ಧೈರ್ಯ ಆಗಲಿಲ್ಲ. ಬಾಸ್‌ಗೆ ಫೋನ್ ಮಾಡಲೋ ಬೇಡವೋ ಅಂತ ಅಡುಗೆಮನೆಯಲ್ಲಿ ಸುಮ್ನೆ ಓಡಾಡಿದೆ. ಅಷ್ಟರಲ್ಲಿ ಬ್ರೋಕರ್‌ನ ವಾಟ್ಸ್ಆಪ್ ಬಂತು. ಲಿಮಾಸೋಲ್‌ಗೂ ಮೊದಲು ಹೋದ ಬಂದರಿನ ಹೆಸರನ್ನೇ ಲಾಸ್ಟ್ ಪೋರ್ಟ್ ಅಂತ ಬರೆದುಬಿಡಿ, ಯಾರು ನೋಡುತ್ತಾರೆ ಅಂತ. ನಾಚಿಕೆಯ ಮಾತು, ಆದರೂ ಸ್ವಲ್ಪ ಹೊತ್ತು ನನಗೆ ಅದು ಒಳ್ಳೇ ಐಡಿಯಾ ಅಂತಲೇ ಅನಿಸಿತು. ಕ್ಯಾಪ್ಟನ್‌ಗೆ ಫೋನ್ ಹಚ್ಚಿದೆ. ಅವರು ಕಾರವಾರದವರು.

"ಏನ್ ಮಾರಾಯಾ, ಲಾಗ್‌ಬುಕ್ಕು ನಿನ್ನ ಬ್ರೋಕರ್ ಬರೀತಾನಾ, ನಾನು ಬರೀತೇನಾ? ಪೋರ್ಟ್ ಕ್ಲಿಯರೆನ್ಸ್ ಮೇಲೆ ಲಿಮಾಸೋಲ್ ಸೀಲ್ ಇದೆ. ಹಡಗು ಎಲ್ಲಿದೆ ಅಂತ ತೋರಿಸೋ ಎಐಎಸ್ ಊರಿಗೆಲ್ಲ ಕಾಣ್ತದೆ. ಜೈಲಿಗೆ ಹೋಗೋದು ನಾನು, ನೀನಲ್ಲ."

ಅಲ್ಲಿಗೆ ಆ ಮಾತು ಮುಗಿಯಿತು.

ಮತ್ತೆ ಲಿಮಾಸೋಲ್ ಏಜೆಂಟರನ್ನು ಹಿಡಿದೆ. ವಯಸ್ಸಾದವರು, ನಿಧಾನದ ಮಾತು. ಅವರ ತಂದೆ ಫಾಮಗುಸ್ತಾ ಬಂದರಿನಲ್ಲಿ ಸ್ಟಿವಿಡೋರ್ (ಸರಕು ಏರಿಸಿ ಇಳಿಸುವವರು) ಆಗಿದ್ದರಂತೆ. 1974ಕ್ಕೆ ಮೊದಲು ದ್ವೀಪದ ಮುಖ್ಯ ಬಂದರು ಅದೇ. ಆ ವರ್ಷ ಜುಲೈ 15ಕ್ಕೆ ಗ್ರೀಸಿನ ಮಿಲಿಟರಿ ಆಡಳಿತದ ಬೆಂಬಲದಲ್ಲಿ ಅಧ್ಯಕ್ಷ ಮಕಾರಿಯೋಸ್ ವಿರುದ್ಧ ಕ್ಷಿಪ್ರಕ್ರಾಂತಿ, 20ಕ್ಕೆ ಟರ್ಕಿ ಸೇನೆ ಕೈರೀನಿಯಾ ಹತ್ತಿರ ಇಳಿಯಿತು. ಆಗಸ್ಟ್‌ನಲ್ಲಿ ಫಾಮಗುಸ್ತಾ ಟರ್ಕಿ ಸೇನೆಯ ಕೈಗೆ ಹೋಯಿತು. ಇವರ ಮನೆಯವರು ಕೀಲಿ ಹಾಕಿ ಹೊರಟವರು ಮತ್ತೆ ಆ ಮನೆಗೆ ಹೋಗಲೇ ಇಲ್ಲ. ಬಂದರಿನ ವ್ಯಾಪಾರವೂ ದಕ್ಷಿಣಕ್ಕೆ ಬಂತು, ಲಿಮಾಸೋಲ್ ಬೆಳೆಯಿತು. "ನನ್ನ ಕೆಲಸ ಇರುವುದೇ ಆ ಯುದ್ಧದಿಂದ" ಅಂದರು, ಬೇಸರವೋ ತಮಾಷೆಯೋ ಗೊತ್ತಾಗಲಿಲ್ಲ.

ಕಥೆ ಆ ಕಡೆಯಿಂದ ಕೇಳಿದರೆ ಬೇರೆಯದೇ. ಮರ್ಸಿನ್‌ನವರ ಪ್ರಕಾರ ಜಗಳ ಶುರುವಾಗಿದ್ದು 1963ರ ಡಿಸೆಂಬರ್‌ನಲ್ಲಿ. ರಾಜಧಾನಿ ನಿಕೋಸಿಯಾದಲ್ಲಿ ಹೊಡೆದಾಟವಾಗಿ ಟರ್ಕಿಶ್ ಸೈಪ್ರಿಯಟರು ಹಳ್ಳಿ ಬಿಟ್ಟು ಗುಂಪುಗುಂಪಾಗಿ ಒಂದೊಂದು ಕಡೆ ಸೇರಿಕೊಂಡಾಗ. ಬ್ರಿಟಿಷ್ ಸೇನಾಧಿಕಾರಿಯೊಬ್ಬ ಹಸಿರು ಪೆನ್ಸಿಲ್‌ನಿಂದ ನಕಾಶೆಯ ಮೇಲೆ ಗೆರೆ ಎಳೆದ, ದ್ವೀಪವನ್ನು ಇಬ್ಭಾಗ ಮಾಡುವ ಇವತ್ತಿನ ಗೆರೆಗೆ ಗ್ರೀನ್ ಲೈನ್ ಅನ್ನುವ ಹೆಸರು ಬಂದಿದ್ದು ಅದರಿಂದಲೇ. 1964ರಲ್ಲಿ ವಿಶ್ವಸಂಸ್ಥೆಯ ಪಡೆ ಬಂತು. ಅದೇ ವರ್ಷ ಅದರ ಕಮಾಂಡರ್ ಆಗಿ ಹೋದವರು ನಮ್ಮ ಕೊಡಗಿನ ಜನರಲ್ ತಿಮ್ಮಯ್ಯ. 1965ರ ಡಿಸೆಂಬರ್‌ನಲ್ಲಿ ಅಲ್ಲೇ ತೀರಿಕೊಂಡರು. ಪಡೆ ಇನ್ನೂ ಅಲ್ಲೇ ಇದೆ.

ಇಬ್ಬರೂ ಏಜೆಂಟರು ಒಬ್ಬರಿಗೊಬ್ಬರು ಒಂದು ಮೇಲ್ ಕೂಡ ಹಾಕುವುದಿಲ್ಲ. ಆದರೆ ಇಬ್ಬರೂ ನನಗೆ ಕೊಟ್ಟ ಸಲಹೆ ಒಂದೇ: ಬೈರೂತ್‌ಗೆ ಹೋಗಿ, ಅಲ್ಲಿಂದ ಕ್ಲಿಯರೆನ್ಸ್ ತಗೊಂಡು ಬನ್ನಿ. ಇಬ್ಬರ ಬಳಿಯೂ ಬೈರೂತ್ ಏಜೆಂಟರ ನಂಬರ್ ರೆಡಿ ಇತ್ತು. ಅದೂ ಒಬ್ಬನದೇ ನಂಬರ್! ಎಷ್ಟು ಜನ ನನ್ನಂಥವರು ಈ ಗುಂಡಿಗೆ ಬಿದ್ದಿರಬೇಕು ಅಂತ ಆಗ ಅಂದಾಜಾಯಿತು.

ಹಡಗು ತಿರುಗಿತು. ಬೈರೂತ್‌ನ ಡಿಎ (ಬಂದರು ಖರ್ಚು), ಜಾಸ್ತಿ ಬಂಕರ್ (ಇಂಧನ), ಲೇಕ್ಯಾನ್ ವಿಸ್ತರಿಸಲು ಚಾರ್ಟರರ್ ಫ್ರೇಟ್‌ನಲ್ಲಿ (ಸಾಗಣೆ ಬಾಡಿಗೆಯಲ್ಲಿ) ಕಡಿದುಕೊಂಡಿದ್ದು, ಎಲ್ಲ ಸೇರಿ ನನ್ನ ಚೆಂದದ ಟಿಸಿಇ ನೆಲ ಕಚ್ಚಿತು. ಬಾಸ್ ಈ ಸಲ ಉದ್ದದ ಮೇಲ್ ಬರೆದರು, ಸಿಸಿಯಲ್ಲಿ ಇಡೀ ಆಫೀಸು.

ನಮ್ಮ ವಾಯೇಜ್ ಸಾಫ್ಟ್‌ವೇರ್‌ನ ಕಥೆ ಹೇಳದಿದ್ದರೆ ಆಗುವುದಿಲ್ಲ. ಲಿಮಾಸೋಲ್, ಮರ್ಸಿನ್ ಹಾಕಿದರೆ ಅದು ಈಗಲೂ ಹಸಿರು ಟಿಕ್ ತೋರಿಸುತ್ತದೆ. ದೂರ ಗೊತ್ತು, ಹವಾಮಾನ ಗೊತ್ತು, ಯಾರ ಜೊತೆ ಯಾರು ಮಾತು ಬಿಟ್ಟಿದ್ದಾರೆ ಅನ್ನುವುದು ಗೊತ್ತಿಲ್ಲ. ಈ ಗುಂಡಿಗೆ ಉಲ್ಟಾ ಗುಂಡಿಯೂ ಒಂದಿದೆ. ಟರ್ಕಿಯ ಹಿಡಿತದಲ್ಲಿರುವ ಉತ್ತರದ ಫಾಮಗುಸ್ತಾ, ಕೈರೀನಿಯಾ, ಕರವೋಸ್ತಾಸಿ ಬಂದರುಗಳನ್ನು ಸೈಪ್ರಸ್ ಸರ್ಕಾರ 1974ರಿಂದ ಮುಚ್ಚಿದೆ ಅಂತ ಘೋಷಿಸಿದೆ. ಅಲ್ಲಿ ಹೋಗಿ ಬಂದ ಹಡಗು ಆಮೇಲೆ ಲಿಮಾಸೋಲ್‌ಗೆ ಬಂದರೆ ಮಾಸ್ಟರ್ ಮೇಲೆ ಕೇಸ್. ಆದರೆ ಟರ್ಕಿಯ ಕಾಗದಗಳಲ್ಲಿ ಫಾಮಗುಸ್ತಾ ಅಂತ ಇರುವುದಿಲ್ಲ, ಗಾಜಿಮಾಗುಸಾ ಅಂತ ಇರುತ್ತದೆ. ಒಂದು ಹೆಸರಲ್ಲಿ ಹುಡುಕಿದರೆ ಸಾಫ್ಟ್‌ವೇರ್‌ಗೆ ಇನ್ನೊಂದು ಸಿಗುವುದಿಲ್ಲ.

ಸಾಫ್ಟ್‌ವೇರ್ ಸರಿ ಮಾಡಿಸಿ ಅಂತ ಕೇಳಿದ್ದಕ್ಕೆ ಮ್ಯಾನೇಜ್‌ಮೆಂಟ್ ಚೆಕ್‌ಲಿಸ್ಟ್‌ಗೆ ಒಂದು ಹೊಸ ಕಾಲಂ ಸೇರಿಸಿತು: "ರಾಜಕೀಯ ನಿರ್ಬಂಧ, ಇದೆ ಅಥವಾ ಇಲ್ಲ." ಮೊನ್ನೆ ಸೇರಿದ ಹುಡುಗ ಒಂದು ಸಬ್‌ಲೆಟ್ (ಮರುಬಾಡಿಗೆ) ಹಡಗಿನ ಪೇಪರ್ ತಂದ. ಲಾಸ್ಟ್ ಟೆನ್ ಪೋರ್ಟ್ಸ್‌ನ ನಾಲ್ಕನೇ ಸಾಲಲ್ಲಿ ಗಾಜಿಮಾಗುಸಾ, ಮುಂದಿನ ಬಂದರು ಸೈಪ್ರಸ್ ಸರ್ಕಾರದ ಕಡೆಯ ಲಾರ್ನಕಾ. ಆ ಕಾಲಂನಲ್ಲಿ "ಇಲ್ಲ" ಅಂತ ನೀಟಾಗಿ ಟಿಕ್ ಹಾಕಿದ್ದ. ಯಾಕಪ್ಪಾ ಅಂದರೆ, "ಎಲ್ಲರೂ ಹಾಗೇ ಹಾಕ್ತಾರಲ್ಲ ಸರ್" ಅಂದ.